ಐದು ಡಬ್ಬಿ, ನಾಲ್ಕು ಬಾಣ

ಆ ಕಾರ್ಖಾನೆಯಲ್ಲಿ ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ ಒಗೆಯುತ್ತಿದ್ದರು. ಒಗೆಯುವವರೆಲ್ಲ ನೆಲಮಹಡಿಯಲ್ಲಿ. ಒಗೆಯುವುದು ಹೇಗೆಂದು ಚಿತ್ರ ಬರೆದು ತೋರಿಸುವವರು ಮೇಲ್ಮಹಡಿಯಲ್ಲಿ. ತೋರಿಸುವವರು ಎಂದು ಬಹುವಚನ ಹಾಕಿದ್ದು ಮರ್ಯಾದೆಗೆ ಮಾತ್ರ; ಆ ಕೆಲಸಕ್ಕೆ ಇದ್ದದ್ದು ಒಬ್ಬಳೇ.

ಅವಳ ಹುದ್ದೆಯ ಹೆಸರು ಉದ್ದವಾಗಿತ್ತು, ವಿಸಿಟಿಂಗ್ ಕಾರ್ಡಿನಲ್ಲಿ ಎರಡು ಸಾಲು ಹಿಡಿಯುತ್ತಿತ್ತು. ಕಾರ್ಖಾನೆಯವರು ಅದನ್ನು ತಮ್ಮ ಬಾಯಿಗೆ ಹೊಂದುವಂತೆ ಚಿಕ್ಕದು ಮಾಡಿ ಡಬ್ಬಿ ಮೇಡಂ ಎಂದು ಕರೆದರು. ಯಾವ ಕೆಲಸ ಕೊಟ್ಟರೂ ಅವಳು ಅದನ್ನು ಕಂಪ್ಯೂಟರಿನಲ್ಲಿ ಚೌಕದ ಡಬ್ಬಿಗಳಾಗಿ ಕತ್ತರಿಸಿ, ನಡುನಡುವೆ ಬಾಣ ಎಳೆದು, ಪ್ರೆಸೆಂಟೇಶನ್ನಿನ ಒಂದು ಸ್ಲೈಡಿಗೆ ಇಳಿಸಿಬಿಡುತ್ತಿದ್ದಳು. ಒಂದು ಡಬ್ಬಿಗೆ ಒಂದೇ ಮಾತು. ಎಲ್ಲ ಡಬ್ಬಿಗೂ ಒಂದೇ ಅಳತೆ. ಈ ಎರಡನೆಯದು ಚಂದಕ್ಕೆಂದು ಮಾಡಿಕೊಂಡ ನಿಯಮವಲ್ಲ. ಹಿಂದೊಮ್ಮೆ ರವಾನೆ ವಿಭಾಗದ ಡಬ್ಬಿ ಕೂದಲೆಳೆಯಷ್ಟು ಚಿಕ್ಕದಾಗಿ, ಅಲ್ಲಿನ ಮುಖ್ಯಸ್ಥ ಮೆಟ್ಟಿಲು ಹತ್ತಿ ಬಂದು, "ನಾನೇನು ಪಾಪ ಮಾಡಿದ್ದೆ ಮೇಡಂ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಂದು ಲೋಟ ನೀರು ಕುಡಿದು ಇಳಿದು ಹೋಗಿದ್ದ.

ಅದಾದರೂ ಬರೀ ಮುನಿಸು. ದೊಡ್ಡ ಅಪಾಯ ಬೇರೆಯೇ ಇತ್ತು. ಕಟ್ಟಡ ಮೊದಲು, ಚಿತ್ರ ಆಮೇಲೆ ಎಂದೇ ಅವಳು ಬಹಳ ಕಾಲ ನಂಬಿದ್ದಳು. ಒಂದು ಸಲ 'ತೂಕ' ಮತ್ತು 'ಬೇರ್ಪಡಿಕೆ' ಎಂಬ ಎರಡು ಡಬ್ಬಿಗಳು ಸ್ಲೈಡಿನ ಅಗಲಕ್ಕೆ ಹಿಡಿಸಲಿಲ್ಲ. ಊಟಕ್ಕೆ ಬೇರೆ ಹೊತ್ತಾಗಿತ್ತು. ಎರಡನ್ನೂ ಸೇರಿಸಿ ಒಂದು ಮಾಡಿ ಎದ್ದುಬಿಟ್ಟಳು. ಮುಂದಿನ ತಿಂಗಳು ಕೆಳಗಿನಿಂದ ಧಡ್ ಧಡ್ ಎಂಬ ಸದ್ದು. ಇಳಿದು ನೋಡಿದರೆ ಆ ಎರಡು ಕೋಣೆಗಳ ನಡುವಿನ ಗೋಡೆ ಕೆಡವುತ್ತಿದ್ದಾರೆ. ಯಾಕಪ್ಪಾ ಎಂದರೆ, "ಮೇಲಿಂದ ಚಿತ್ರ ಬಂದಿದೆ" ಎಂದರು. ತೂಕ ಮಾಡುವವನನ್ನು ಮನೆಗೆ ಕಳಿಸಿದರು. ಅಂದಿನಿಂದ ಅವಳು ಮೌಸನ್ನು ಸುತ್ತಿಗೆಯ ಹಾಗೆ ಜಾಗ್ರತೆಯಿಂದ ಹಿಡಿಯುತ್ತಿದ್ದಳು. ಸಂಜೆಯ ಹೊತ್ತಿಗೆ ನಿಜವಾಗಿಯೂ ಸುತ್ತಿಗೆ ಬೀಸಿದವಳ ಹಾಗೆ ಸುಸ್ತಾಗಿರುತ್ತಿದ್ದಳು.

ಅದೇ ಕಾರ್ಖಾನೆಯ ನೆಲಮಹಡಿಯಲ್ಲಿ ಅವಳ ಗಂಡನೂ ಇದ್ದ. ಅವನದು ನೋಟದ ಕೋಣೆ. ಒಣಗಿಸುವ ಯಂತ್ರದಿಂದ ಬಂದ ಹಾಸುಬಟ್ಟೆಗಳನ್ನು ಒಂದೊಂದಾಗಿ ದೀಪದ ಮೇಜಿನ ಮೇಲೆ ಹರವಿ, ಕಲೆ ಉಳಿದಿದೆಯೇ, ಎಲ್ಲಾದರೂ ಹರಿದಿದೆಯೇ, ಮಡಿಕೆಯಲ್ಲಿ ಯಾರದಾದರೂ ಹಲ್ಲಿನ ಸೆಟ್ಟು ಸಿಕ್ಕಿಕೊಂಡಿದೆಯೇ ಎಂದು ನೋಡಿ, ಸರಿಯಿದ್ದರೆ ಇಸ್ತ್ರಿಗೆ ಬಿಡುವುದು. ಅಲ್ಲಿದ್ದವರು ಇಬ್ಬರೇ. ಅವನು, ಮತ್ತು ಇಡೀ ಕಾರ್ಖಾನೆ ಚಿಕ್ಕಮ್ಮ ಎಂದು ಕರೆಯುತ್ತಿದ್ದ ಒಬ್ಬ ಹೆಂಗಸು. ಇಬ್ಬರಿಗೂ ದಪ್ಪ ಕನ್ನಡಕ. ದಿನವಿಡೀ ಬಿಳಿಯನ್ನೇ ನೋಡಿ ನೋಡಿ ಸಂಜೆಯಾದರೆ ಅವರಿಗೆ ಲೋಕದ ಬಣ್ಣವೆಲ್ಲ ಸ್ವಲ್ಪ ಜೋರಾಯಿತು ಅನ್ನಿಸುತ್ತಿತ್ತು. ಮನೆಗೆ ಬಂದ ಗಂಡ ಮೊದಲು ಮಾಡುತ್ತಿದ್ದ ಕೆಲಸ ದೀಪ ಆರಿಸುವುದು. ಅವನ ತಾಯಿ ಮೊದಲು ಮಾಡುತ್ತಿದ್ದ ಕೆಲಸ ಅದನ್ನು ಮತ್ತೆ ಹಾಕುವುದು.

ಸೋಮವಾರ ಮ್ಯಾನೇಜರು ಅವಳನ್ನು ಕರೆಸಿದರು. ಅವರಿಗೆ ಚುಟುಕು ಸಾಹೇಬರು ಎಂದು ಹೆಸರು. "ಚುಟುಕಾಗಿ ಹೇಳ್ತೀನಿ" ಎಂದು ಅವರು ಶುರು ಮಾಡಿದರೆ, ಮುಗಿಯುವ ಹೊತ್ತಿಗೆ ಎದುರಿಗಿದ್ದವರ ಚಹಾ ಆರಿ ಕೆನೆ ಕಟ್ಟಿರುತ್ತಿತ್ತು.

"ಚುಟುಕಾಗಿ ಹೇಳ್ತೀನಿ ಮೇಡಂ. ನಮ್ಮನ್ನ ಕೊಂಡ್ಕೊಂಡ ಹೊಸ ಕಂಪನಿಯವ್ರು ಗುರುವಾರ ಬರ್ತಿದ್ದಾರೆ. ನಿಮ್ಮ ಚಿತ್ರದಲ್ಲಿ ಆರು ಡಬ್ಬಿ ಇದೆ."

"ಕೆಲಸ ಆರು ಇದೆಯಲ್ಲ ಸಾರ್."

"ಕೆಲಸ ಎಷ್ಟಾದ್ರೂ ಇರ್ಲಿ. ಅವ್ರು ಐದೇ ನೋಡೋದು. ಆರನೇ ಡಬ್ಬಿ ಬಂತು ಅಂದ್ರೆ ಜೇಬಿಂದ ಫೋನ್ ತೆಗೀತಾರಂತೆ. ಅಷ್ಟೇ ಆಗಿದ್ರೆ ಪರವಾಗಿಲ್ಲ. ಅವ್ರದ್ದೊಂದು ಪದ್ಧತಿ ಇದೆ. ಪ್ರತಿ ಡಬ್ಬಿಗೂ ಕೇಳ್ತಾರೆ, ಒಳಗೆ ಏನು ಹೋಯ್ತು, ಹೊರಗೆ ಏನು ಬಂತು? ತೊಳೆಯೋದಾ? ಕೊಳೆ ಹೋಯ್ತು, ಶುಭ್ರ ಬಂತು. ಒಣಗಿಸೋದಾ? ಒದ್ದೆ ಹೋಯ್ತು, ಒಣಗಿದ್ದು ಬಂತು. ಇಸ್ತ್ರಿನಾ? ಮುದುರಿದ್ದು ಹೋಯ್ತು, ಮಡಿಸಿದ್ದು ಬಂತು. ಇನ್ನು ಈ ನೋಟ..."

ಸಾಹೇಬರು ಅಲ್ಲಿಗೆ ನಿಲ್ಲಿಸಿ ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಆ ಡಬ್ಬಿಯೊಳಗೆ ಯಾರಿದ್ದಾರೆಂದು ಅವರಿಗೂ ಗೊತ್ತಿತ್ತು. ಮುಚ್ಚಳ ಪೆನ್ನಿನ ಮೇಲೆಯೇ ಇತ್ತು.

"ಬಟ್ಟೆ ಹೋಯ್ತು, ಬಟ್ಟೆ ಬಂತು," ಎಂದು ಅವಳೇ ಮುಗಿಸಿದಳು.

"ನಾನು ಹಾಗನ್ನಲಿಲ್ಲ."

"ಅವ್ರು ಅಂತಾರೆ."

"ಅಂತಾರೆ. ಏನೂ ಬದಲಾಗದ ಡಬ್ಬೀನ ಕೂತಲ್ಲೇ ಮುಚ್ಚಿಸ್ತಾರೆ. ಹೋದ ಕಡೆಯೆಲ್ಲ ಹಾಗೇ ಮಾಡಿದ್ದಾರೆ. ಹಾಗಂತ ನೀವೇ ಮುಂಚೆ ಅದನ್ನ ಅಳಿಸಿಬಿಟ್ರೆ, ಇಲ್ಲದ ಡಬ್ಬಿಯಲ್ಲಿ ಇಬ್ರು ಯಾಕಿದ್ದಾರೆ ಅಂತ ನನ್ನ ಕೊರಳಪಟ್ಟಿ ಹಿಡೀತಾರೆ." ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರೂ ಬಹಳ ದಿನದಿಂದ ನಿದ್ದೆ ಕೆಟ್ಟವರ ಹಾಗೆ ಕಾಣುತ್ತಿದ್ದರು. "ನೀವು ಏನು ಮಾಡ್ತೀರೋ ನಂಗೆ ಹೇಳ್ಬೇಡಿ. ಗುರುವಾರ ಬೆಳಿಗ್ಗೆ ಸ್ಲೈಡ್ ಕೊಡಿ. ಐದು ಡಬ್ಬಿ. ಚುಟುಕಾಗಿರ್ಲಿ."

ಡಬ್ಬಿ ಇಟ್ಟರೆ ಗಂಡನ ಕೆಲಸ ಹೋಗುತ್ತದೆ. ತೆಗೆದರೂ ಹೋಗುತ್ತದೆ. ಇಷ್ಟನ್ನು ಹೊತ್ತುಕೊಂಡು ಅವಳು ಅಂದು ಮನೆಗೆ ಬಂದಳು.

ಅತ್ತೆ ಮೊರದ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದರು. ಗಂಡ ದೀಪ ಆರಿಸಿ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತಿದ್ದ.

"ಏನೋ, ಇವತ್ತೇನು ಸಿಕ್ತು?" ಎಂದರು ಅತ್ತೆ. ದಿನವೂ ಕೇಳುವ ಪ್ರಶ್ನೆ. ಮಗ ಗಣಿಯಲ್ಲಿ ಕೆಲಸ ಮಾಡುತ್ತಾನೆಂದೇ ಅವರು ತಿಳಿದಂತಿತ್ತು.

"ಸಾಕ್ಸು. ಮಗುವಿಂದು. ಒಂದೇ."

"ಹಲ್ಲಿನ ಸೆಟ್ಟು ಸಿಕ್ಕಿ ಎಷ್ಟು ದಿನ ಆಯ್ತು! ಈಗಿನವ್ರು ಆಸ್ಪತ್ರೆಗೂ ಹುಷಾರಾಗಿ ಹೋಗ್ತಾರೆ." ಅತ್ತೆ ಎದ್ದು ದೀಪ ಹಾಕಿದರು, ಹಾಕಿ, ಸೊಸೆಯ ಮುಖ ನೋಡಿದರು. "ನಿಂದೇನೇ? ಮುಖ ಹಿಂಡಿದ ಬಟ್ಟೆ ಆಗಿದೆ?"

"ತಲೆನೋವು ಅತ್ತೆ."

"ತಲೆನೋವಾಗ್ದೆ ಇನ್ನೇನು? ಕೆಲಸ ಮಾಡೋರು ಕೆಳಗೆ, ಕೆಲಸದ ಚಿತ್ರ ಬರೆಯೋಳು ಮೇಲೆ. ಕೇಳಿದೋರಿಗೂ ತಲೆನೋವೇ. ಅಲ್ಲಮ್ಮ, ನಮ್ಮನೇದೂ ಒಂದು ಬರೀಬಾರ್ದಾ? ನನ್ನನ್ನ ಯಾವ ಡಬ್ಬಿಗೆ ಹಾಕ್ತೀಯೋ ನೋಡೋಣ."

"ನೀವು ಡಬ್ಬಿಗೆ ಹಿಡಿಸೋರಲ್ಲ ಅತ್ತೆ."

"ಮುಚ್ಚಳ ಕೂರಲ್ಲ ಅಂತೀಯ. ಗೊತ್ತು ಬಿಡು." ಹೊಗಳಿಕೆ ಎಂದೇ ತಿಳಿದು ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದರು.

ಗಂಡ ಕಣ್ಣು ಬಿಡದೆಯೇ ಕೇಳಿದ, "ಆರನೇ ಡಬ್ಬಿ ನಂದಂತೆ?"

ಅವಳು ಬಟ್ಟೆ ಬದಲಿಸಲು ಹೊರಟಿದ್ದವಳು ನಿಂತಳು. "ಯಾರು ಹೇಳಿದ್ರು?"

"ಇಸ್ತ್ರಿಯವ್ರು. ಅಲ್ಲಿ ಸುದ್ದೀನೂ ಮಡಿಸಿ ಕೈಗೆ ಕೊಡ್ತಾರೆ."

"ರೀ, ನಾನೇ ಹೇಳೋಣ ಅಂತಿದ್ದೆ."

"ಯಾವಾಗ? ಗುರುವಾರ ಆದ್ಮೇಲೆ?" ಅವನು ನಕ್ಕ, ನಗುವಿನಲ್ಲಿ ಸಿಟ್ಟಿರಲಿಲ್ಲ, ಶಕ್ತಿಯೂ ಇರಲಿಲ್ಲ. "ನೋಡು, ನನಗೋಸ್ಕರ ಏನೂ ಮಂತ್ರ ತಂತ್ರ ಮಾಡೋಕೆ ಹೋಗ್ಬೇಡ. ಸಿಕ್ಕಿಹಾಕ್ಕೊಂಡ್ರೆ ನಿಂದೂ ಹೋಗುತ್ತೆ, ನಂದೂ ಹೋಗುತ್ತೆ. ಆಮೇಲೆ ಅಮ್ಮ ಒಬ್ರೇ ಬಟಾಣಿ ಸುಲೀತಾ ನಮ್ಮಿಬ್ರನ್ನೂ ಸುಲೀತಾರೆ."

"ಮತ್ತೆ ನೀವು ಏನು ಮಾಡ್ತೀರಿ?"

"ಅದೇ ಯೋಚನೆ. ಈ ವಯಸ್ಸಲ್ಲಿ ಯಾರದಾದ್ರೂ ಬಾಗಿಲು ತಟ್ಟಿ ಏನಂತ ಹೇಳ್ಲಿ? ಬಿಳಿ ಬಟ್ಟೆ ನೋಡ್ತೀನಿ ಸ್ವಾಮಿ, ಇಷ್ಟು ವರ್ಷ ಅದನ್ನೇ ನೋಡಿದೀನಿ ಅಂತಲೇ?" ಆಮೇಲೆ ಎದ್ದು, ತಾಯಿ ಹಾಕಿದ ದೀಪವನ್ನು ಮತ್ತೆ ಆರಿಸಿದ.

ಮಂಗಳವಾರವಿಡೀ ಅವಳು ಡಬ್ಬಿಗಳನ್ನು ಆಚೆ ಈಚೆ ಸರಿಸಿದಳು. 'ನೋಟ'ವನ್ನು ಒಣಗಿಸುವುದರ ಜೊತೆ ಸೇರಿಸಿ ನೋಡಿದಳು. ತೂಕದವನ ನೆನಪಾಯಿತು, ಇಬ್ಬರನ್ನು ಒಂದು ಡಬ್ಬಿಗೆ ತುಂಬಿದರೆ ಒಬ್ಬರು ಹೊರಗೆ ಬೀಳುತ್ತಾರೆ, ಬೀಳುವವನು ಯಂತ್ರ ನಡೆಸುವವನಂತೂ ಆಗಿರುವುದಿಲ್ಲ. ಇಸ್ತ್ರಿಯ ಜೊತೆ ಸೇರಿಸಿದಳು. ಇಸ್ತ್ರಿಯ ಮುಖ್ಯಸ್ಥ ತನ್ನ ಭಾವಮೈದನಿಗೊಂದು ಜಾಗ ಹುಡುಕುತ್ತಿರುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಅಳಿಸಿದಳು. ಡಬ್ಬಿಯ ಗೆರೆಯನ್ನು ಚುಕ್ಕೆ ಚುಕ್ಕೆ ಮಾಡಿದಳು. ಅದು ಮಾಯವಾಗುತ್ತಿರುವ ಮನುಷ್ಯನ ಹಾಗೆ ಕಂಡು, ಅದನ್ನೂ ಅಳಿಸಿದಳು. ಮಧ್ಯಾಹ್ನದ ಮೇಲೆ ರವಾನೆಯ ಮುಖ್ಯಸ್ಥ ಬಾಗಿಲಲ್ಲಿ ಇಣುಕಿ, "ನಮ್ಮದು ಅಳತೆ ಸರಿಯಿದೆ ತಾನೇ ಮೇಡಂ?" ಎಂದು ಕೇಳಿ ಹೋದ.

ಬುಧವಾರ ಊಟದ ಡಬ್ಬಿ ತೆರೆದಿಟ್ಟುಕೊಂಡು ತಿನ್ನದೆ ಕೂತಿದ್ದಾಗ ಅವಳ ಕಣ್ಣು ಬಾಣಗಳ ಮೇಲೆ ಬಿತ್ತು. ಇಷ್ಟು ವರ್ಷ ಸಾವಿರಾರು ಬಾಣ ಎಳೆದಿದ್ದರೂ ಅವಳು ಅವುಗಳನ್ನು ನೋಡಿರಲಿಲ್ಲ. ಯಾರೂ ನೋಡುವುದಿಲ್ಲ. ಬಾಣವಿರುವುದು ಮುಂದಿನ ಡಬ್ಬಿ ನೋಡಲಿಕ್ಕೆ. ಕೆಲಸ ಕಲಿಯುವಾಗ ಅವಳಿಗೆ ಮೊದಲು ಹೇಳಿಕೊಟ್ಟದ್ದೇ ಅದು: ವಸ್ತುವನ್ನು ಬದಲಿಸುವುದು ಡಬ್ಬಿ, ಬದಲಿಸದೆ ದಾಟಿಸುವುದು ಬಾಣ.

ಬಟ್ಟೆ ಹೋಯ್ತು, ಬಟ್ಟೆ ಬಂತು.

ಅವಳು ತಣ್ಣಗಾದ ಊಟವನ್ನು ಪಕ್ಕಕ್ಕೆ ಸರಿಸಿದಳು. ನೋಟದ ಡಬ್ಬಿಯನ್ನು ತೆಗೆದಳು. ಒಣಗಿಸುವ ಡಬ್ಬಿಯಿಂದ ಇಸ್ತ್ರಿಯ ಡಬ್ಬಿಗೆ ಒಂದು ಬಾಣ ಎಳೆದಳು. ಉಳಿದ ಬಾಣಗಳಿಗಿಂತ ಅದು ಉದ್ದವಾಗಿತ್ತು, ಒಂದು ಕೋಣೆ ಮಲಗುವಷ್ಟು. ಚಿಕ್ಕದು ಮಾಡಲು ಮನಸ್ಸು ಬರಲಿಲ್ಲ. ಆಮೇಲೆ ಜನರ ವಿವರವಿದ್ದ ಕೊನೆಯ ಸ್ಲೈಡಿಗೆ ಹೋಗಿ, ಗಾಡಿ ತಳ್ಳುವವರ ಗುಂಪಿಗೆ, ಅಂದರೆ 'ಸಾಗಣೆ'ಗೆ, ಇನ್ನಿಬ್ಬರನ್ನು ಸೇರಿಸಿದಳು. ಸುಳ್ಳು ಹೇಳಿದಂತಾಯಿತೇ ಎಂದು ಒಂದು ಕ್ಷಣ ಯೋಚಿಸಿದಳು. ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ನಿಜ ಹೇಳಿದ್ದು ನೆನಪಾಗಲಿಲ್ಲ.

ಗುರುವಾರ ಹೊಸ ಕಂಪನಿಯಿಂದ ಮೂವರು ಬಂದರು. ನಡುವೆ ಕೂತ ಹೆಂಗಸು ಯಜಮಾನಿಕೆಯವರು. ಕೋಣೆಯಲ್ಲಿ ಏಸಿ ಎಷ್ಟಿರಬೇಕೆಂದು ಅವರೇ ಹೇಳಿದ್ದರಿಂದ ಅದು ತಿಳಿಯಿತು. ಅವರ ಎಡಕ್ಕಿದ್ದವರು ಪ್ರಶ್ನೆ ಕೇಳುವವರು. ಬಲಕ್ಕಿದ್ದವರು ತಲೆ ಆಡಿಸುವವರು, ನಿದ್ದೆಯಿಂದಲೋ ಒಪ್ಪಿಗೆಯಿಂದಲೋ ಹೇಳುವಂತಿರಲಿಲ್ಲ. ಸಾಹೇಬರು, "ಚುಟುಕಾಗಿ ಹೇಳ್ಬೇಕು ಅಂದ್ರೆ," ಎಂದು ಕಾರ್ಖಾನೆಯ ಚರಿತ್ರೆಯನ್ನು ಬುನಾದಿಯಿಂದ ಶುರು ಮಾಡಿದರು. ಡಬ್ಬಿ ಮೇಡಂ ಕಂಪ್ಯೂಟರಿನ ಪಕ್ಕ ನಿಂತು ಮೌಸನ್ನು ಅದುಮಿ ಹಿಡಿದಿದ್ದಳು.

ಕೊನೆಗೂ ಸ್ಲೈಡು ಬಂತು. ಐದು ಡಬ್ಬಿ, ನಾಲ್ಕು ಬಾಣ. ಮೂವರೂ ಒಮ್ಮೆಗೇ ಸಮಾಧಾನದಿಂದ ಹಿಂದಕ್ಕೆ ಒರಗಿದರು.

ಪ್ರಶ್ನೆಯವರು ಶುರು ಮಾಡಿದರು. ಬೇರ್ಪಡಿಕೆಗೆ ಏನು ಹೋಯಿತು, ಏನು ಬಂತು? ತೊಳೆಯುವುದಕ್ಕೆ? ಒಣಗಿಸುವುದಕ್ಕೆ? ಸಾಹೇಬರು ಪಾಠ ಒಪ್ಪಿಸಿದರು. ಇಸ್ತ್ರಿಗೆ ಬರುವ ಮೊದಲು ಪ್ರಶ್ನೆಯವರ ಬೆರಳು ಗಾಳಿಯಲ್ಲಿ ನಿಂತಿತು.

"ಒಂದು ನಿಮಿಷ. ಈ ಬಾಣ ಯಾಕೆ ಉಳಿದಿದ್ದಕ್ಕಿಂತ ಉದ್ದ ಇದೆ?"

ಸಾಹೇಬರು ಅವಳ ಕಡೆ ನೋಡಿದರು. ಆ ನೋಟದಲ್ಲಿ ಎಲ್ಲ ಗೊತ್ತಾಗಿತ್ತು. ಏನೂ ಗೊತ್ತಿಲ್ಲವೆಂದು ಆಮೇಲೆ ಹೇಳುವ ತಯಾರಿಯೂ ಇತ್ತು.

"ಅಲ್ಲಿ ದಾರಿ ಸ್ವಲ್ಪ ಜಾಸ್ತಿ ಸಾರ್," ಎಂದಳು.

"ಎಷ್ಟು ಜಾಸ್ತಿ?"

"ಒಂದು ಕೋಣೆಯಷ್ಟು."

"ಆ ದಾರೀಲಿ ಬಟ್ಟೆಗೆ ಏನಾದ್ರೂ ಆಗುತ್ತಾ?"

ಗಂಡ ಬಗ್ಗಿ ಬಗ್ಗಿ ಸವೆಸಿದ ಮೇಜಿನ ಅಂಚು, ಚಿಕ್ಕಮ್ಮ ಕನ್ನಡಕಕ್ಕೆ ಕಟ್ಟಿಕೊಂಡ ದಾರ, ಎಲ್ಲವೂ ಕಣ್ಣ ಮುಂದೆ ಬಂತು. "ಇಲ್ಲ ಸಾರ್. ಹೋದ ಹಾಗೇ ಬರುತ್ತೆ."

"ಹಾಗಿದ್ರೆ ಸರಿ," ಎಂದರು ಪ್ರಶ್ನೆಯವರು. ಬಾಣಕ್ಕೆ ಅವರ ಪದ್ಧತಿಯಲ್ಲಿ ಬೇರೆ ಪ್ರಶ್ನೆ ಇರಲಿಲ್ಲ. ತಲೆಯವರು ತಲೆ ಆಡಿಸಿದರು. ಅಷ್ಟರಲ್ಲಿ ಯಜಮಾನಿಕೆಯವರು, ಆವರೆಗೆ ಏಸಿಯ ಮಾತು ಬಿಟ್ಟು ಬೇರೇನೂ ಆಡದವರು, ಏನಾದರೂ ಒಂದು ಹೇಳಬೇಕಲ್ಲ ಎಂಬಂತೆ ಮುಂದಕ್ಕೆ ಬಾಗಿದರು. "ಉದ್ದ ಇರ್ಲಿ. ಆದ್ರೆ ಬಾಣ ಅಂದ್ಮೇಲೆ ಅಡ್ಡ ಏನೂ ಇರಬಾರ್ದು. ಸಲೀಸಾಗಿ ಹೋಗ್ಬೇಕು. ನೋಡ್ಕೊಳ್ಳಿ."

"ಖಂಡಿತ ಮೇಡಂ," ಎಂದರು ಸಾಹೇಬರು, ಜೀವನದಲ್ಲಿ ಮೊದಲ ಸಲ ಚುಟುಕಾಗಿ.

ಅಂದು ಸಂಜೆ ಅವಳು ಗಂಡನಿಗೆ, "ಆಯ್ತು, ನೀವಿದ್ದೀರಿ," ಎಂದಷ್ಟೇ ಹೇಳಿದಳು. "ಎಲ್ಲಿ?" ಎಂದು ಅವನು ಕೇಳಿದ. "ಆಮೇಲೆ ಹೇಳ್ತೀನಿ," ಎಂದು ಹೋಗಿ ಮಲಗಿದಳು. ಊಟಕ್ಕೆ ಎಬ್ಬಿಸಲು ಬಂದ ಅತ್ತೆ ಒಮ್ಮೆ ಬಗ್ಗಿ ನೋಡಿ, ಅವಳ ಕಾಲಿಗೆ ಹೊದಿಕೆ ಎಳೆದು, ಈ ಸಲ ತಾವೇ ದೀಪ ಆರಿಸಿ ಹೋದರು.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೊಂದು ದಿನ ಬೆಳಿಗ್ಗೆ ಕೆಳಗಿನಿಂದ ಸದ್ದು ಬಂತು. ಗೋಡೆ ಒಡೆಯುವ ಸದ್ದಲ್ಲ. ತಿರುಪು ಬಿಚ್ಚುವ ಕಿರ್ರೆಂಬ ಸಣ್ಣ ಸದ್ದು. ಅವಳು ಇಳಿದು ಹೋದದ್ದು ಊಟದ ಹೊತ್ತು ಕಳೆದ ಮೇಲೆ.

ನೋಟದ ಕೋಣೆಗೆ ಎರಡು ಬಾಗಿಲಿದ್ದವು, ಒಣಗಿಸುವ ಕಡೆಗೊಂದು, ಇಸ್ತ್ರಿಯ ಕಡೆಗೊಂದು. ಎರಡನ್ನೂ ಕಿತ್ತು ಗೋಡೆಗೆ ಒರಗಿಸಿದ್ದರು. ಆ ಕಡೆಯ ಬಿಸಿಗಾಳಿ ಈ ಕಡೆಯ ಹಬೆಯನ್ನು ಹುಡುಕಿಕೊಂಡು ಕೋಣೆಯ ಮಧ್ಯದಲ್ಲೇ ಹಾದು ಹೋಗುತ್ತಿತ್ತು. ನೆಲದ ಮೇಲೆ ಹಳದಿ ಬಣ್ಣದಲ್ಲಿ ಒಂದು ಬಾಣ, ಒಂದು ಹೊಸ್ತಿಲಿನಿಂದ ಇನ್ನೊಂದು ಹೊಸ್ತಿಲಿನವರೆಗೆ. ಅವಳು ಎಳೆದದ್ದೇ, ಅದೇ ಉದ್ದ, ಅದೇ ಚೂಪು ತುದಿ. ಬಣ್ಣದವನು ತನ್ನ ಡಬ್ಬ ಮುಚ್ಚುತ್ತಿದ್ದ. ಅಗಲದ ದೀಪದ ಮೇಜನ್ನು ಅಡ್ಡ ಬರುತ್ತದೆಂದು ತಿರುಗಿಸಿ ಗೋಡೆಗೆ ಅಂಟಿಸಿದ್ದರು. ಚಿಕ್ಕಮ್ಮ ಗಾಳಿಗೆ ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಗಂಡ ಎತ್ತರದ ಸ್ಟೂಲಿನಲ್ಲಿ ಕೂತಿದ್ದ. ಗಾಡಿ ಬಂದಾಗಲೆಲ್ಲ ಅದರತ್ತ ನೋಡದೆಯೇ ಎರಡೂ ಕಾಲು ಮೇಲೆತ್ತಿ, ಅದು ಹಾದ ಮೇಲೆ ಇಳಿಬಿಡುತ್ತಿದ್ದ. ಬೆಳಿಗ್ಗೆಯಿಂದಲೇ ಅದು ಅಭ್ಯಾಸವಾಗಿಬಿಟ್ಟಿತ್ತು.

"ಬನ್ನಿ ಡಬ್ಬಿ ಮೇಡಂ," ಎಂದಳು ಚಿಕ್ಕಮ್ಮ. "ನಿಮ್ಮ ಯಜಮಾನ್ರನ್ನ ನೋಡಿ. ಸಾಗಣೆ ಅಂತ ಹುದ್ದೆ ಕೊಟ್ಟಿದ್ದಾರೆ, ಮನುಷ್ಯ ಕೂತಲ್ಲಿಂದ ಅಲ್ಲಾಡಲ್ಲ."

"ನಾನು ಅಲ್ಲಾಡಿದ್ರೆ ಗಾಡಿ ಹೇಗೆ ಹೋಗುತ್ತೆ ಚಿಕ್ಕಮ್ಮ?" ಎಂದ ಗಂಡ. ಆಮೇಲೆ ಅವಳ ಕಡೆ ತಿರುಗಿ, "ಇದಾ?" ಎಂದು ನೆಲ ತೋರಿಸಿದ.

ಅವಳು ತಲೆಯಾಡಿಸಿದಳು. "ಇದೇ ರೀ. ಬೇರೆ ದಾರಿ ಕಾಣಲಿಲ್ಲ. ಅಡ್ಡ ಏನೂ ಇರಬಾರ್ದು ಅಂತ ಅವ್ರು ಅಂದಾಗ..."

"ಬಾಗಿಲು ಹೋಯ್ತು ಅಷ್ಟೇ. ನಾನಿದ್ದೀನಲ್ಲ." ಅವನು ಕನ್ನಡಕ ಮೇಲಕ್ಕೆ ಸರಿಸಿಕೊಂಡ. ಬಿಸಿಗಾಳಿಗೆ ಅವನ ಕಣ್ಣು ಕೆಂಪಾಗಿತ್ತು. "ಚಳಿಗಾಲದಲ್ಲಿ ಒಳ್ಳೇದೇ. ಬೇಸಿಗೆಯದು ಬೇಸಿಗೆಗೆ ನೋಡ್ಕೊಳ್ಳೋಣ."

"ಮೇಡಂ, ಬಾಣದ ಮೇಲೆ ನಿಲ್ಬೇಡಿ, ಪೇಂಟ್ ಹಸಿ ಇದೆ!" ಎಂದು ಬಣ್ಣದವನು ಕೂಗಿದ. ಅವನ ಹಿಂದೆಯೇ ಗಾಡಿಯವನು ಚಕ್ರಗಳನ್ನು ಬಾಣದ ಎರಡೂ ಬದಿಗೆ ಹಾಯಿಸುತ್ತ, "ಜರುಗಿ, ಜರುಗಿ," ಎಂದು ಬಂದ. ಅವಳು ಜರುಗಿ ಗೋಡೆಗೆ ಅಂಟಿದಳು. ಅಲ್ಲಿ ನಿಲ್ಲಲು ಜಾಗವಿದ್ದದ್ದು ಮೇಜಿನ ಆ ತುದಿಯಲ್ಲಿ ಮಾತ್ರ.

ಗಂಡ ಹೊಸದೊಂದು ಹಾಸುಬಟ್ಟೆ ಎಳೆದುಕೊಂಡ. ಮೇಜು ಹಾಗೆ ತಿರುಗಿದ ಮೇಲೆ ಬಟ್ಟೆ ಒಬ್ಬನ ಕೈಗೆ ಪೂರ್ತಿ ಹರಡುತ್ತಿರಲಿಲ್ಲ. ಅವಳು ಆಚೆ ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ದೀಪದ ಮೇಲೆ ಬಿಗಿಯಾಗಿ ಎಳೆದು, ಬಗ್ಗಿ, ಅಂಚಿನಿಂದ ಅಂಚಿಗೆ ನೋಡಿದರು.

"ಏನಾದ್ರೂ ಕಾಣ್ಸುತ್ತಾ?" ಎಂದ ಅವನು.

ಅವಳು ಚೆನ್ನಾಗಿ ನೋಡಿದಳು. "ಏನೂ ಇಲ್ಲ."

"ಇಲ್ಲ ಅಲ್ವಾ? ಹಾಗಿದ್ರೆ ಬಿಡು, ಹೋಗ್ಲಿ," ಎಂದು ಅವನು ತನ್ನ ತುದಿಯನ್ನು ಅವಳ ಕೈಗೆ ತಂದು ಸೇರಿಸಿದ.